ಹಳಿಯ ಮೇಲಿನವರು, ಹಳಿಯ ಕೆಳಗಿನವರು

ಓದುಗರು ಕೇಳಿದ್ದಕ್ಕೆ ನಿವೃತ್ತ ಸ್ಟೇಷನ್ ಮಾಸ್ಟರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೊದಲ ಮಹಾಯುದ್ಧದ್ದೇ ಜಾಸ್ತಿ. ಯುದ್ಧದ ಬಗ್ಗೆ ಅಲ್ಲ, ಅದು ಮುಗಿದ ಮೇಲೆ ಏನಾಯಿತು ಅನ್ನುವುದರ ಬಗ್ಗೆ. ಐದನ್ನು ಆರಿಸಿದ್ದೇನೆ.

ಪ್ರಶ್ನೆ: ಒಂದೊಂದು ಜನಾಂಗಕ್ಕೂ ತನ್ನದೇ ದೇಶ ಸಿಗಬೇಕು ಎಂಬುದು ಅಮೆರಿಕದ ಅಧ್ಯಕ್ಷ ವಿಲ್ಸನ್ ಅವರ ಆಶಯವಾಗಿತ್ತು ಎಂದು ನಮ್ಮ ಪಾಠದಲ್ಲಿದೆ. ಹೊಸ ದೇಶಗಳೂ ಹುಟ್ಟಿದವು. ಮತ್ತೆ ಅವು ಹುಟ್ಟಿದ ಕೂಡಲೇ ಕಿತ್ತಾಡಿದ್ದು ಯಾಕೆ?
— ಪಿಯುಸಿ ವಿದ್ಯಾರ್ಥಿನಿ, ಗದಗ

ಉತ್ತರ: ತಂಗಿ, ಜನ ಊರೂರಲ್ಲಿ ಬೆರೆತು ಬಾಳುತ್ತಿರುತ್ತಾರೆ. ಅವರನ್ನು ಭಾಷೆ ನೋಡಿ ಬೇರೆ ಮಾಡುವುದೇ ಕಷ್ಟ. ಅದಕ್ಕಿಂತ ಕಷ್ಟ, ಇರುವ ಒಂದು ರೈಲು ಮಾರ್ಗವನ್ನು ಇಬ್ಬರಿಗೆ ಹಂಚುವುದು. ಒಂದೇ ಊರಿನ ಕತೆ ಹೇಳುತ್ತೇನೆ, ಕೇಳು.

ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಟೆಶೆನ್ ಅಂತ ಒಂದು ಊರಿತ್ತು. ನಡುವೆ ಓಲ್ಜಾ ಎಂಬ ಸಣ್ಣ ನದಿ. ಒಂದು ದಡದಲ್ಲಿ ಹಳೆಯ ಪೇಟೆ, ಕೋಟೆ. ಇನ್ನೊಂದು ದಡದಲ್ಲಿ ರೈಲ್ವೆ ಸ್ಟೇಷನ್. 1911ರಿಂದ ಸ್ಟೇಷನ್ನಿಂದ ಪೇಟೆಗೆ ಸೇತುವೆ ಮೇಲೆ ಟ್ರಾಮ್ ಓಡುತ್ತಿತ್ತು. ಸುತ್ತಲಿನ ಸೀಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೋಲಿಷ್ ಆಡುವವರು. ಚೆಕ್, ಜರ್ಮನ್ ಆಡುವವರೂ ಇದ್ದರು.

1918ರ ಕೊನೆಗೆ ಸಾಮ್ರಾಜ್ಯ ಮುರಿದುಬಿತ್ತು. ಪೋಲೆಂಡ್ ಮತ್ತೆ ಎದ್ದು ನಿಂತಿತು, ಚೆಕೊಸ್ಲೊವಾಕಿಯಾ ಹೊಸದಾಗಿ ಹುಟ್ಟಿತು. ಊರಿನ ಪೋಲಿಷರು, ಚೆಕ್ಕರು ತಾವೇ ಕೂತು ನವೆಂಬರ್ 5ರಂದು ಒಂದು ತಾತ್ಕಾಲಿಕ ಹಂಚಿಕೆ ಮಾಡಿಕೊಂಡರು. ಭಾಷೆ ನೋಡಿ ಮಾಡಿದ ಹಂಚಿಕೆ. ನನ್ನ ಕೇಳಿದರೆ ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ಕೆಲಸ ಅದೊಂದೇ. ಆದರೆ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅಲ್ಲಿ ಕಲ್ಲಿದ್ದಲಿತ್ತು. ಅದಕ್ಕಿಂತ ಮುಖ್ಯ, ಬೊಹುಮಿನ್–ಕೊಶಿತ್ಸೆ ರೈಲು ಮಾರ್ಗ ಅಲ್ಲೇ ಹಾದುಹೋಗುತ್ತಿತ್ತು. ಹೊಸ ದೇಶದ ಚೆಕ್ ಭಾಗಕ್ಕೂ ಸ್ಲೊವಾಕ್ ಭಾಗಕ್ಕೂ ನಡುವೆ ಇದ್ದ ಒಳ್ಳೆಯ ಮಾರ್ಗ ಅದೇ. ಅದು ಬೇರೆಯವರ ಕೈಗೆ ಹೋದರೆ ದೇಶ ಎರಡು ತುಂಡಾದ ಹಾಗೆಯೇ ಅಲ್ವಾ? 1919ರ ಜನವರಿ 23ಕ್ಕೆ ಚೆಕ್ ಸೈನ್ಯ ನುಗ್ಗಿತು. ಏಳು ದಿನ ಕಾದಾಟ. ಹುಟ್ಟಿ ಮೂರು ತಿಂಗಳೂ ಆಗಿರದ ಎರಡು ದೇಶಗಳು!

ಆಮೇಲೆ ಜನಮತ ಕೇಳೋಣ ಎಂದರು, ಅದನ್ನೂ ಕೈಬಿಟ್ಟರು. 1920ರ ಜುಲೈ 28ಕ್ಕೆ ದೊಡ್ಡ ರಾಷ್ಟ್ರಗಳ ರಾಯಭಾರಿಗಳು ನದಿಯನ್ನೇ ಗಡಿ ಮಾಡಿಬಿಟ್ಟರು. ಪೇಟೆ ಪೋಲೆಂಡಿಗೆ, ಸ್ಟೇಷನ್ ಚೆಕೊಸ್ಲೊವಾಕಿಯಾಕ್ಕೆ. ಪೋಲೆಂಡ್ ಆಗ ರಷ್ಯದ ಕೆಂಪು ಸೈನ್ಯದ ಜೊತೆ ಹೋರಾಡುತ್ತಿತ್ತು, ತಕರಾರು ಮಾಡುವ ಸ್ಥಿತಿಯಲ್ಲಿರಲಿಲ್ಲ. ಟ್ರಾಮ್ 1921ರಲ್ಲಿ ನಿಂತೇಹೋಯಿತು. ನಾಲ್ಕು ನಿಮಿಷದ ಸೇತುವೆ ದಾಟಲು ಗಡಿ ಕಾವಲಿನವರಿಗೆ ಕಾಗದ ತೋರಿಸುವ ಹಾಗಾದರೆ ಟ್ರಾಮ್ ಯಾರಿಗೆ ಬೇಕು?

ಪೋಲೆಂಡ್ ಆ ಸಿಟ್ಟನ್ನು 18 ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿತ್ತು. 1938ರಲ್ಲಿ ಹಿಟ್ಲರ್ ಚೆಕೊಸ್ಲೊವಾಕಿಯಾವನ್ನು ಹರಿದು ತಿನ್ನತೊಡಗಿದಾಗ ತಾನೂ ಹೋಗಿ ಆ ಆಚೆ ದಡವನ್ನು ಕಿತ್ತುಕೊಂಡಿತು. ಹನ್ನೊಂದು ತಿಂಗಳಿಗೆ ಹಿಟ್ಲರ್ ಪೋಲೆಂಡನ್ನೇ ನುಂಗಿದ. ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆಯಬೇಡ, ಮೂರು ಅಂಕದ ಪ್ರಶ್ನೆಗೆ ಜಾಸ್ತಿಯಾಗುತ್ತದೆ.

ಪ್ರಶ್ನೆ: ಮನೆ ಬಿಟ್ಟು ಕದಲದೆ ಐದು ದೇಶಗಳಲ್ಲಿ ಬಾಳಿದ ಮುದುಕನೊಬ್ಬನ ಕತೆ ವಾಟ್ಸಾಪಿನಲ್ಲಿ ಬಂತು. ನಿಜವೇ?
— ಓದುಗರು, ತುಮಕೂರು

ಉತ್ತರ: ಮುದುಕ ತಮಾಷೆಯವನು, ಲೆಕ್ಕ ಸರಿ. ಉಜ್‌ಹೊರೊದ್ ಎಂಬ ಊರು ಆಸ್ಟ್ರಿಯಾ–ಹಂಗೇರಿಯಲ್ಲಿತ್ತು. ಯುದ್ಧದ ನಂತರ ಚೆಕೊಸ್ಲೊವಾಕಿಯಾ, 1938ರಲ್ಲಿ ಹಂಗೇರಿ, 1945ರಲ್ಲಿ ಸೋವಿಯತ್ ಒಕ್ಕೂಟ, 1991ರಿಂದ ಉಕ್ರೇನ್.

ಆದರೆ ಮನೆ ಬಿಡಬೇಕಾದವರ ಕತೆ ತಮಾಷೆಯದ್ದಲ್ಲ. 1920ರ ಟ್ರಿಯನಾನ್ ಒಪ್ಪಂದದಲ್ಲಿ ಹಂಗೇರಿ ಮೂರರಲ್ಲಿ ಎರಡು ಭಾಗ ನೆಲ ಕಳೆದುಕೊಂಡಿತು. ಹೊಸ ಸರ್ಕಾರಗಳಿಗೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ಗುಮಾಸ್ತರು, ಮೇಷ್ಟ್ರುಗಳು, ರೈಲ್ವೆಯವರು ಕೆಲಸ ಕಳೆದುಕೊಂಡು ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ಬಂದರು. ಅಲ್ಲಿ ಮನೆಗಳೆಲ್ಲಿವೆ? ಬಂದ ಗೂಡ್ಸ್ ವ್ಯಾಗನ್‌ನಲ್ಲೇ, ಸೈಡಿಂಗ್‌ನಲ್ಲಿ ನಿಲ್ಲಿಸಿಕೊಂಡು, ಎಷ್ಟೋ ಸಂಸಾರಗಳು ತಿಂಗಳುಗಟ್ಟಲೆ ಕಳೆದವು. ವ್ಯಾಗನ್‌ನೊಳಗೆ ಒಂದು ರಾತ್ರಿ ಮಲಗಿ ನೋಡಿದ್ದೇನೆ. ಬೇಸಿಗೆಯಲ್ಲಿ ಕಾವಲಿ, ಚಳಿಗಾಲದಲ್ಲಿ ಮಂಜುಗಡ್ಡೆ ಪೆಟ್ಟಿಗೆ. ಕಳೆದುಕೊಂಡದ್ದನ್ನು ವಾಪಸ್ ಪಡೆಯಬೇಕು ಅನ್ನುವ ಹಟ ಹಂಗೇರಿಯನ್ನು ಹಿಟ್ಲರನ ಮಗ್ಗುಲಿಗೆ ಒಯ್ದಿತು.

ಪ್ರಶ್ನೆ: ಸಿರಿಯಾ–ಟರ್ಕಿ ಗಡಿ ನಕ್ಷೆಯಲ್ಲಿ ಬಹುದೂರ ನೆಟ್ಟಗಿದೆ. ಅಲ್ಲಿ ನದಿಯೂ ಇಲ್ಲ, ಬೆಟ್ಟವೂ ಇಲ್ಲ. ಯಾವ ಗುರುತು ಇಟ್ಟುಕೊಂಡು ಎಳೆದರು?
— ಸರ್ವೆ ಇಲಾಖೆಯ ನೌಕರರು, ಹಾಸನ

ಉತ್ತರ: ಸ್ವಾಮಿ, ಬೇಕು ಅಂತಲೇ ನನ್ನನ್ನು ಕೇಳಿದಿರಾ? ಅದು ರೈಲು ಹಳಿ! ಜರ್ಮನರು ಹಾಕುತ್ತಿದ್ದ ಬಾಗ್ದಾದ್ ಮಾರ್ಗ ಯುದ್ಧ ಮುಗಿಯುವ ಹೊತ್ತಿಗೆ ನುಸೈಬಿನ್‌ವರೆಗೆ ಬಂದು ನಿಂತಿತ್ತು. 1921ರ ಅಕ್ಟೋಬರ್ 20ರಂದು ಅಂಕಾರಾದಲ್ಲಿ ಫ್ರೆಂಚರೂ ತುರ್ಕರೂ ಒಪ್ಪಂದ ಮಾಡಿಕೊಂಡು, ಚೋಬಾನ್‌ಬೇಯಿಂದ ನುಸೈಬಿನ್‌ವರೆಗೆ ಹಳಿಯನ್ನೇ ಗಡಿ ಅಂದರು. 300ಕ್ಕೂ ಹೆಚ್ಚು ಕಿಲೋಮೀಟರ್. ಹಳಿ ಟರ್ಕಿಯದ್ದು, ಅದರ ದಕ್ಷಿಣದ ಮಣ್ಣು ಫ್ರೆಂಚರ ಕೈಲಿದ್ದ ಸಿರಿಯಾದ್ದು. ನುಸೈಬಿನ್‌ನ ಎದುರಿಗೇ, ಹಳಿಯ ಈಚೆ, ಫ್ರೆಂಚರು 1926ರಲ್ಲಿ ಕಾಮಿಶ್ಲಿ ಎಂಬ ಹೊಸ ಊರು ಕಟ್ಟಿದರು.

ಆ ಸೀಮೆಯಲ್ಲಿ ಕುರ್ದರು ಎಂಬ, ತಮ್ಮದೇ ಭಾಷೆಯ ಜನಾಂಗದವರು ಬಹಳ ಇದ್ದರು. ಯುದ್ಧ ಗೆದ್ದವರು ತುರ್ಕರ ಜೊತೆ ಮಾಡಿಕೊಂಡ 1920ರ ಸೇವ್ರ್ ಒಪ್ಪಂದದಲ್ಲಿ ಅವರಿಗೂ ಮುಂದೆ ದೇಶವಾಗುವ ಒಂದು ದಾರಿ ಬರೆದಿತ್ತು. 1923ರ ಲೋಸಾನ್ ಒಪ್ಪಂದ ಬಂದಾಗ ಆ ಮಾತೇ ಮಾಯ. ಅಣ್ಣನ ಹೊಲ ಉತ್ತರಕ್ಕೆ, ತಮ್ಮನದ್ದು ದಕ್ಷಿಣಕ್ಕೆ. ಅವರು ಇವತ್ತಿಗೂ ಟರ್ಕಿ, ಸಿರಿಯಾ ಅನ್ನುವ ಬದಲು ‘ಸೆರ್‌ಖೆತ್’, ‘ಬಿನ್‌ಖೆತ್’ ಅನ್ನುತ್ತಾರೆ. ಗೆರೆಯ ಮೇಲೆ, ಗೆರೆಯ ಕೆಳಗೆ ಎಂದರ್ಥ. 1950ರ ದಶಕದಲ್ಲಿ ಟರ್ಕಿ ಗಡಿಯುದ್ದಕ್ಕೂ ನೆಲಬಾಂಬ್ ಹೂಳಿತು. ನಮ್ಮ ಗ್ಯಾಂಗ್‌ಮನ್‌ಗಳು ದಿನಾ ಹಳಿ ಪಕ್ಕ ನಡೆಯುವುದನ್ನು ನೋಡಿದವನಿಗೆ ಇದು ತಲೆಗೆ ಹೋಗುವುದೇ ಇಲ್ಲ.

ನಾನು ಎರಡು ವರ್ಷ ಕ್ಯಾಸಲ್‌ರಾಕ್‌ನಲ್ಲಿದ್ದೆ. ಗೋವಾ ಪೋರ್ಚುಗೀಸರದ್ದಾಗಿದ್ದಾಗ ಅದು ಗಡಿ ಸ್ಟೇಷನ್. ಗಾಡಿ ನಿಲ್ಲಿಸಿ ಟ್ರಂಕು ಬಿಚ್ಚಿಸಿ ನೋಡುತ್ತಿದ್ದರಂತೆ. ಹಳೆಯ ಪಾಯಿಂಟ್ಸ್‌ಮನ್ ಒಬ್ಬರು ಅದನ್ನು ನಗುತ್ತಾ ಹೇಳುತ್ತಿದ್ದರು. ನಗಲು ಸಾಧ್ಯವಾದದ್ದು ಗಡಿ ಹೋದ ಮೇಲೆ.

ಪ್ರಶ್ನೆ: ಮೈಸೂರು ಲ್ಯಾನ್ಸರ್ಸ್ ಹೈಫಾ ಗೆದ್ದದ್ದನ್ನು ಹೆಮ್ಮೆಯಿಂದ ಓದುತ್ತೇವೆ. ಗೆದ್ದ ಮೇಲೆ ಆ ಊರು ಏನಾಯಿತು?
— ನಿವೃತ್ತ ಸೈನಿಕರು, ಮೈಸೂರು

ಉತ್ತರ: ಒಳ್ಳೆಯ ಪ್ರಶ್ನೆ ಸಾರ್, ಯಾರೂ ಕೇಳುವುದಿಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಮೆಷಿನ್‌ಗನ್ನುಗಳಿಗೆ ಎದೆಕೊಟ್ಟು, ಭರ್ಜಿ ಹಿಡಿದು, ಪ್ಯಾಲೆಸ್ಟೈನ್‌ನ ಈ ಬಂದರು ಊರನ್ನು ತುರ್ಕರಿಂದ ಗೆದ್ದರು. ತಿಂಗಳ ನಂತರ, ಅಕ್ಟೋಬರ್ 26ಕ್ಕೆ, ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲೂ ಇದೇ ಎರಡು ಪಡೆಗಳು ಏರಿಹೋದವು.

ಅವರು ಕುದುರೆ ಏರುವ ಮೊದಲೇ ಲಂಡನ್ನಿನಲ್ಲಿ ನೆಲದ ವ್ಯವಹಾರ ನಡೆದಿತ್ತು. ಅರಬ್ಬರಿಗೆ ಸ್ವಾತಂತ್ರ್ಯ ಎಂದು ಮೆಕ್ಕಾದ ಅರಬ್ ಮುಖಂಡ ಹುಸೇನ್‌ಗೆ 1915–16ರಲ್ಲಿ ಬ್ರಿಟಿಷರ ಪತ್ರ. ಪ್ಯಾಲೆಸ್ಟೈನ್ ಅದರಲ್ಲಿ ಸೇರಿತ್ತೇ ಇಲ್ಲವೇ ಅನ್ನುವುದಕ್ಕೆ ಆಮೇಲೆ ದೊಡ್ಡ ಜಗಳ. 1916ರಲ್ಲಿ ಫ್ರೆಂಚರ ಜೊತೆ ಗುಟ್ಟಿನ ಹಂಚಿಕೆ, ಹೈಫಾ ಬಂದರು ಬ್ರಿಟಿಷರಿಗೆ. 1917ರ ನವೆಂಬರ್ 2ರಂದು ಯಹೂದಿಗಳಿಗೆ ಪ್ಯಾಲೆಸ್ಟೈನ್‌ನಲ್ಲಿ ನೆಲೆ ಎಂದು ಬಾಲ್ಫರ್ ಘೋಷಣೆ. ಒಂದೇ ಸೈಟನ್ನು ಮೂರು ಜನಕ್ಕೆ ಅಗ್ರಿಮೆಂಟ್ ಮಾಡಿಕೊಟ್ಟ ಹಾಗೆ.

ಹೈಫಾದಿಂದ ಸಿರಿಯಾದ ದೆರಾ ಮೂಲಕ ಡಮಾಸ್ಕಸ್‌ಗೆ 1905ರಿಂದಲೇ ರೈಲಿತ್ತು. ತುರ್ಕರ ಕಾಲದಲ್ಲಿ ಅದೊಂದು ಒಳನಾಡಿನ ಮಾರ್ಗ. ಯುದ್ಧದ ನಂತರ ಹೈಫಾ ಬ್ರಿಟಿಷರದ್ದು, ದೆರಾ ಫ್ರೆಂಚರದ್ದು. ಇರಾಕಿನ ಕಿರ್ಕುಕ್‌ನ ಎಣ್ಣೆ ತರಲು ಪೈಪ್ ಹಾಕುವಾಗಲೂ ಹಾಗೆಯೇ ಆಯಿತು. ಬ್ರಿಟಿಷರ ನೆಲದ ಮೇಲೆ ಹೈಫಾಕ್ಕೊಂದು, ಫ್ರೆಂಚರ ನೆಲದ ಮೇಲೆ ಲೆಬನಾನ್‌ನ ಟ್ರಿಪೋಲಿಗೊಂದು. 1946ರ ಜೂನ್‌ನಲ್ಲಿ ಯಹೂದಿ ಪಡೆಯವರು ಒಂದೇ ರಾತ್ರಿ ಹಲವು ಸೇತುವೆಗಳನ್ನು ಸಿಡಿಸಿದರು. ಅದರಲ್ಲಿ ಯಾರ್ಮುಕ್ ನದಿಯ ಮೇಲಿನ ಈ ಮಾರ್ಗದ ರೈಲು ಸೇತುವೆಯೂ ಹೋಯಿತು. 1948ರಲ್ಲಿ ಇಸ್ರೇಲ್ ಹುಟ್ಟಿತು, ಹೈಫಾದ ಅರಬ್ಬರಲ್ಲಿ ಹೆಚ್ಚಿನವರು ಊರು ಬಿಟ್ಟಾಗಿತ್ತು, ಕಿರ್ಕುಕ್‌ನ ಎಣ್ಣೆಯೂ ನಿಂತಿತು. ನಮ್ಮ ಸವಾರರ ಧೈರ್ಯಕ್ಕೆ ಇದರಿಂದ ಏನೂ ಕುಂದಿಲ್ಲ. ಆದರೆ ಹೆಮ್ಮೆ ಪಡುವಾಗ ಕತೆಯನ್ನು ಸೆಪ್ಟೆಂಬರ್ 23ಕ್ಕೇ ನಿಲ್ಲಿಸುವುದು ನನಗೆ ಸರಿಕಾಣದು.

ಪ್ರಶ್ನೆ: ಏನು ಕೇಳಿದರೂ ರೈಲಿಗೇ ತಂದು ನಿಲ್ಲಿಸುತ್ತೀರಿ. ರೈಲಿಲ್ಲದ ಚರಿತ್ರೆ ನಿಮಗೆ ಗೊತ್ತಿಲ್ಲವೇ?
— ಗೃಹಿಣಿ, ದಾವಣಗೆರೆ

ಉತ್ತರ: ನಮ್ಮ ಮನೆಯವಳೂ ಇದನ್ನೇ ಕೇಳುತ್ತಾಳಮ್ಮ. ಏನು ಮಾಡಲಿ, 1918ರ ನವೆಂಬರ್ 11ರಂದು ಕದನವಿರಾಮಕ್ಕೆ ಸೋತ ಜರ್ಮನರ ಸಹಿ ಬಿದ್ದದ್ದೇ ಫ್ರಾನ್ಸಿನ ಕಾಡೊಂದರಲ್ಲಿ ನಿಲ್ಲಿಸಿದ ರೈಲು ಬೋಗಿಯಲ್ಲಿ. ಮೊದಲು ಊಟದ ಬೋಗಿಯಾಗಿದ್ದದ್ದು, ನಂಬರ್ 2419. 1940ರ ಜೂನ್ 22ರಂದು ಹಿಟ್ಲರ್ ಅದೇ ಬೋಗಿಯನ್ನು ಮ್ಯೂಸಿಯಂನಿಂದ ಎಳೆಸಿ, ಅದೇ ಜಾಗಕ್ಕೆ ತರಿಸಿ, ಈ ಸಲ ಫ್ರೆಂಚರ ಕೈಲಿ ಸಹಿ ಹಾಕಿಸಿದ. ಆಮೇಲೆ ಬರ್ಲಿನ್‌ಗೆ ಒಯ್ದರು, ಯುದ್ಧದ ಕೊನೆಯಲ್ಲಿ ಅದು ನಾಶವಾಯಿತು. ಈಗ ಅಲ್ಲಿರುವುದು ಅದೇ ಮಾದರಿಯ ಬೇರೆ ಬೋಗಿ. ಅದರ ನಂಬರ್ ಅಳಿಸಿ 2419 ಅಂತ ಬರೆದಿದ್ದಾರೆ. ನಮ್ಮ ಯಾರ್ಡಿನಲ್ಲಿ ಯಾರಾದರೂ ಹಾಗೆ ನಂಬರ್ ತಿದ್ದಿದ್ದರೆ ಸಂಜೆಯೊಳಗೆ ಮೆಮೊ ಬರುತ್ತಿತ್ತು.