ಹ್ಯೂಮನ್ 2ರಲ್ಲಿ ತೆಗೆದ ಕೋಷ್ಟಕಗಳನ್ನು ಹ್ಯೂಮನ್ 3ರ ಕೋಷ್ಟಕಗಳ ಜೊತೆ ಸೇರಿಸಬಹುದೇ?

ಸೇರಿಸಬಾರದು. ಹ್ಯೂಮನ್ ಎಂದರೆ ಮಾದರಿಯ ಡಿಎನ್‌ಎ ದತ್ತಾಂಶದಿಂದ ಅದರಲ್ಲಿರುವ ಸೂಕ್ಷ್ಮಜೀವಿಗಳ ಜೀನ್‌ಗಳನ್ನೂ ಅವು ನಡೆಸುವ ರಾಸಾಯನಿಕ ಕ್ರಿಯೆಗಳ ಮಾರ್ಗಗಳನ್ನೂ ಎಣಿಸಿ ಕೋಷ್ಟಕ ಕೊಡುವ ತಂತ್ರಾಂಶ; 2 ಮತ್ತು 3 ಅದರ ಆವೃತ್ತಿಗಳು. ಅರ್ಧ ಮಾದರಿಗಳ ವಿಶ್ಲೇಷಣೆ ಹಳೆಯ ಆವೃತ್ತಿಯಲ್ಲಿ ಮುಗಿದಿದೆ, ಉಳಿದರ್ಧವನ್ನು ಹೊಸದರಲ್ಲಿ ಮಾಡಿ ಹಳೆಯ ಕೋಷ್ಟಕಗಳನ್ನು ಅದಕ್ಕೆ ಹೊಂದಿಸುವ ಬಗೆ ಹೇಗೆ ಎಂದು ಕೇಳಿದ್ದೀರಿ. ಅಂಥ ಬಗೆಯೊಂದಿದೆ ಎಂದು ನಂಬಿಯೇ ನಾನು ಕೆಟ್ಟದ್ದು.

ಮೂಡಿಗೆರೆ ಕಡೆಯ ಕಾಫಿ ತೋಟಗಳ ಮಣ್ಣಿನ ಸೂಕ್ಷ್ಮಜೀವಿಗಳು ಯಾವ ಯಾವ ಕೆಲಸ ಮಾಡುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಹೂಮಳೆಗೆ ಮುಂಚೆ ತೆಗೆದ ಮಣ್ಣಿನ ದತ್ತಾಂಶವನ್ನು ಹ್ಯೂಮನ್ 2ರಲ್ಲಿ ವಿಶ್ಲೇಷಿಸಿದ್ದೆ. ಮುಂಗಾರಿನ ನಂತರದ ಮಾದರಿಗಳ ಸೀಕ್ವೆನ್ಸಿಂಗ್ (ಡಿಎನ್‌ಎ ಓದುವ ಕೆಲಸ) ಮುಗಿಯುವ ಹೊತ್ತಿಗೆ, 2021ರಲ್ಲಿ, ಹ್ಯೂಮನ್ 3ರ ಪ್ರಬಂಧ ಪ್ರಕಟವಾಗಿತ್ತು. ಸರ್ವರ್‌ನಲ್ಲಿ ಜಾಗ ಸಾಲದೆ, ಹ್ಯೂಮನ್ ಹೋಲಿಕೆಗೆ ಬಳಸುವ ಜೀನ್‌ಗಳ ಹಳೆಯ ದತ್ತಕೋಶವನ್ನು ಅಳಿಸಿ ಹೊಸದನ್ನು ಹಾಕಿದೆ. ಎರಡೂ ಕಂತುಗಳನ್ನು ಜೋಡಿಸಿದಾಗ, ನೈಟ್ರೇಟನ್ನು ಅನಿಲವಾಗಿಸುವ ಡಿನೈಟ್ರಿಫಿಕೇಶನ್ ಮಾರ್ಗ ಮಳೆಯ ನಂತರ ಎದ್ದು ಕಂಡಿತು. ನೀರು ನಿಂತು ಆಮ್ಲಜನಕ ಕಡಿಮೆಯಾದ ಮಣ್ಣಿನಲ್ಲಿ ಆಗಬೇಕಾದದ್ದೂ ಅದೇ ಆದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ‘ನೀವು ಹಾಕಿದ ಯೂರಿಯಾ ಗಾಳಿಗೆ ಹೋಗುತ್ತಿದೆ ಸಾರ್’ ಎಂದು ತೋಟದ ಯಜಮಾನರಿಗೂ ಹೇಳಿ ಬಂದೆ.

ತಪ್ಪು ಎಲ್ಲಿತ್ತೆಂದರೆ, ಋತು ಬದಲಾದ ಜಾಗದಲ್ಲೇ ಆವೃತ್ತಿಯೂ ಬದಲಾಗಿತ್ತು. ಹ್ಯೂಮನ್ ಮೊದಲು ಮೆಟಾಫ್ಲಾನ್ ಎಂಬ ತಂತ್ರಾಂಶದಿಂದ ಮಾದರಿಯಲ್ಲಿರುವ ಪ್ರಭೇದಗಳನ್ನು ಗುರುತಿಸುತ್ತದೆ, ಆ ಪ್ರಭೇದಗಳ ಜೀನ್‌ಗಳಿಗೆ ಮಾತ್ರ ಬೌಟೈ 2 ಎಂಬ ಇನ್ನೊಂದು ತಂತ್ರಾಂಶದಿಂದ ರೀಡ್‌ಗಳನ್ನು (ಓದಿದ ಡಿಎನ್‌ಎ ತುಣುಕುಗಳನ್ನು) ಹೊಂದಿಸುತ್ತದೆ, ಉಳಿದವನ್ನು ಡೈಮಂಡ್ ಎಂಬ ತಂತ್ರಾಂಶದ ಮೂಲಕ ಯೂನಿರೆಫ್ ಎಂಬ ದತ್ತಕೋಶದ ಪ್ರೋಟೀನ್ ಗುಂಪುಗಳಲ್ಲಿ ಹುಡುಕುತ್ತದೆ. ದತ್ತಕೋಶ ಹೊಸದಾದರೆ ಈ ಮೂರೂ ಹಂತಗಳ ಉತ್ತರ ಬದಲಾಗುತ್ತದೆ. ಮಣ್ಣಿನಲ್ಲಿ ಮೊದಲೇ ಬಹುಪಾಲು ರೀಡ್‌ಗಳು ಯಾವುದಕ್ಕೂ ಹೊಂದದೆ ‘ಅನ್‌ಮ್ಯಾಪ್ಡ್’ ಸಾಲಿಗೆ ಬೀಳುತ್ತವೆ. ಆ ಸಾಲು ಸ್ವಲ್ಪ ಕುಗ್ಗಿದರೂ ಹೆಸರು ಸಿಕ್ಕ ಮಾರ್ಗಗಳೆಲ್ಲ ಹಿಗ್ಗಿದಂತೆ ಕಾಣುತ್ತವೆ. ನಾನು ಎಲ್ಲವನ್ನೂ ಸಿಪಿಎಮ್‌ಗೆ (ಹತ್ತು ಲಕ್ಷದಲ್ಲಿ ಎಷ್ಟು ಎಂಬ ಲೆಕ್ಕಕ್ಕೆ) ಪರಿವರ್ತಿಸಿದ್ದೆ, ಪ್ರತಿ ಮಾದರಿಯ ಮೊತ್ತವೂ ಹತ್ತು ಲಕ್ಷಕ್ಕೆ ಸರಿಯಾಗಿತ್ತು, ಸರಿಯಾದ ಆ ಮೊತ್ತವೇ ನನ್ನ ಕಣ್ಣು ಕಟ್ಟಿತು. ಕಾಫಿಯ ಅರ್ಧ ಫಸಲನ್ನು ಚೆರ್ರಿಯಾಗಿ (ಸಿಪ್ಪೆ ಸಮೇತ ಹಣ್ಣಾಗಿ), ಉಳಿದರ್ಧವನ್ನು ಪಾರ್ಚ್‌ಮೆಂಟಾಗಿ (ಸಿಪ್ಪೆ ತೆಗೆದ ಬೀಜವಾಗಿ) ತೂಗಿ ಇಳುವರಿ ಹೋಲಿಸಿದಂತಾಗಿತ್ತು ನನ್ನ ಕೆಲಸ.

ಜೀನ್ ಕೋಷ್ಟಕವನ್ನು ತೆರೆದು ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ಯೂನಿರೆಫ್ ನವೀಕರಣವಾದಾಗ ಗುಂಪಿನ ಪ್ರತಿನಿಧಿ ಬದಲಾದರೆ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ಜೋಡಿಸುವ ಉಪಕರಣ, ಇಲ್ಲದ ಕಡೆ ಸೊನ್ನೆ ತುಂಬಿ ಮುಂದೆ ಹೋಗುತ್ತದೆ. ಸಾಲು ಸಾಲಾಗಿ ಎಡಗಡೆ ಅಂಕಿ, ಬಲಗಡೆ ಸೊನ್ನೆ. ಕೆಳಗಿಳಿದರೆ ಎಡಗಡೆ ಸೊನ್ನೆ, ಬಲಗಡೆ ಅಂಕಿ. ದತ್ತಕೋಶ ಹೊಂದದಿದ್ದಾಗ ದೋಷ ಸಂದೇಶ ಕೊಟ್ಟು ನಿಲ್ಲುವ ತಂತ್ರಾಂಶದಿಂದ ಅಪಾಯವಿಲ್ಲ, ಹೀಗೆ ತಕರಾರಿಲ್ಲದೆ ಮುಗಿಸಿಕೊಡುವುದರಿಂದಲೇ ಅಪಾಯ. ಪರಿಶೀಲಕರೊಬ್ಬರು ಕೇಳಿದ್ದಕ್ಕೆ ಒಣಮಣ್ಣಿನ ಒಂದು ಮಾದರಿಯನ್ನು ಹ್ಯೂಮನ್ 3ರಲ್ಲಿ ಹಾಕಿದೆ; ಮಳೆಯನ್ನೇ ಕಾಣದ ಆ ಮಣ್ಣೂ ಮಳೆಗಾಲದ ಮಣ್ಣಿನ ಗುಂಪಿಗೇ ಸೇರಿಕೊಂಡಿತು.

ಹೊಸ ಆವೃತ್ತಿಗೆ ಹೋಗಲೇಬೇಕೆಂಬ ನಿಮ್ಮ ಗೈಡ್ ಅವರ ಮಾತನ್ನೇ ನಾನು ಒಪ್ಪುವುದಿಲ್ಲ. ಪ್ರಬಂಧವನ್ನು ಶುರು ಮಾಡಿದ ಆವೃತ್ತಿಯಲ್ಲೇ ಮುಗಿಸಿ, ಆವೃತ್ತಿ ಮತ್ತು ದತ್ತಕೋಶದ ಹೆಸರನ್ನು ವಿಧಾನದ ಅಧ್ಯಾಯದಲ್ಲಿ ಬರೆಯಿರಿ. ಅವರು ಬಿಡದಿದ್ದರೆ, ತಂತ್ರಾಂಶಗಳ ಆವೃತ್ತಿಗಳನ್ನು ಬೇರೆ ಬೇರೆ ಇಡಲು ನೆರವಾಗುವ ಕೋಂಡಾದಲ್ಲಿ ಬೇರೆ ಎನ್ವಿರಾನ್ಮೆಂಟ್ ಮಾಡಿ, ಎಲ್ಲ ಮಾದರಿಗಳನ್ನೂ ರೀಡ್‌ಗಳಿರುವ ಕಚ್ಚಾ ಫಾಸ್ಟ್‌ಕ್ಯೂ ಕಡತದಿಂದಲೇ ಮತ್ತೆ ಓಡಿಸಿ. ಹಳೆಯ ದತ್ತಕೋಶವನ್ನು ಮಾತ್ರ ಅಳಿಸಬೇಡಿ. ಅದಕ್ಕೂ ಮುಂಚೆ ಒಂದೇ ಮಾದರಿಯನ್ನು ಎರಡರಲ್ಲೂ ಓಡಿಸಿ, ಎರಡೂ ಅನ್‌ಮ್ಯಾಪ್ಡ್ ಸಾಲುಗಳನ್ನು ಗೈಡ್ ಅವರ ಮೇಜಿನ ಮೇಲೆ ಇಡಿ.