ಆಂಪ್ಲಿಫೈಯರ್ ಹಾಕಿದರೂ ಡಿಶ್ ಸಿಗ್ನಲ್ ಸುಧಾರಿಸದಿರುವುದೇಕೆ?

ಮಲ್ಪೆಯ ಕಡಲ ಬದಿಯ ಮನೆಯಲ್ಲಿ ಡಿಡಿ ಫ್ರೀ ಡಿಶ್ ಚಿತ್ರ ಒಡೆದು ಬರುತ್ತಿದೆ, ಟಿವಿಯ ಹಿಂದೆ ಆಂಪ್ಲಿಫೈಯರ್ ಹಾಕಿದರೂ ಪ್ರಯೋಜನವಾಗಿಲ್ಲ ಎಂದು ಕೇಳಿದ್ದೀರಿ. ಆಂಪ್ಲಿಫೈಯರ್ ಸಿಗ್ನಲ್ಲಿನ ಜೊತೆಗೆ ಅದರಲ್ಲಿ ಬೆರೆತ ಗದ್ದಲವನ್ನೂ (ನಾಯ್ಸ್, ಅಂದರೆ ಬೇಡದ ವಿದ್ಯುತ್ ಅಲೆಗಳನ್ನೂ) ಹಿಗ್ಗಿಸುವುದರಿಂದ, ಕೇಬಲ್ಲಿನ ಕೊನೆಯಲ್ಲಿ ಅದನ್ನು ಕೂರಿಸಿದರೆ ಕಳೆದುಹೋದ ಗುಣಮಟ್ಟ ಮರಳುವುದಿಲ್ಲ.

ಅದನ್ನು ತೆಗೆದು, ಸೆಟ್ ಟಾಪ್ ಬಾಕ್ಸಿನ ಮೆನುವಿನಲ್ಲಿ ಸ್ಟ್ರೆಂಗ್ತ್ ಮತ್ತು ಕ್ವಾಲಿಟಿ ಎರಡನ್ನೂ ನೋಡಿ. ಸ್ಟ್ರೆಂಗ್ತ್ ಚೆನ್ನಾಗಿದ್ದು ಕ್ವಾಲಿಟಿ ಮಾತ್ರ ಕುಸಿದಿದ್ದರೆ, ಡಿಶ್ ಅಲುಗಿರಬಹುದು ಅಥವಾ ತೆಂಗಿನ ಗರಿ ಅಡ್ಡ ಬಂದಿರಬಹುದು. ಫ್ರೀ ಡಿಶ್ ಪ್ರಸಾರವಾಗುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವುದರಿಂದ ಉಡುಪಿಗೆ ಅದು ಆಗ್ನೇಯದ ಕಡೆ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿದೆ; ಆ ದಿಕ್ಕಿನ ಆಕಾಶ ತೆರವಾಗಿರಬೇಕು.

ಎರಡೂ ಕುಸಿದಿದ್ದರೆ ನನ್ನ ಮೊದಲ ಸಂದೇಹ ಕನೆಕ್ಟರಿನ ಮೇಲೆ. ಬಾಕ್ಸಿನ ವಿದ್ಯುತ್ ಸಂಪರ್ಕ ತೆಗೆದು, ಎಲ್‌ಎನ್‌ಬಿಯ (ಡಿಶ್ಶಿನ ಮುಂದೆ ತೋಳಿನ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಭಾಗ) ಬುಡದ ಎಫ್ ಕನೆಕ್ಟರನ್ನು, ಅಂದರೆ ಕೇಬಲ್ಲಿನ ತುದಿಯ ತಿರುಪಿನ ಜೋಡಣೆಯನ್ನು, ಬಿಚ್ಚಿರಿ. ಉಪ್ಪುಗಾಳಿ ಮತ್ತು ಮಳೆನೀರು ಸೇರಿ ನಡುವಿನ ತಂತಿ ಕಪ್ಪಾಗಿರುತ್ತದೆ, ಸುತ್ತಲಿನ ಹೆಣಿಗೆ ತಂತಿ ಪುಡಿಪುಡಿಯಾಗಿ ಉದುರುತ್ತದೆ. ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್ ಇದೇ ಕೇಬಲ್ಲಿನಲ್ಲಿ ಹೋಗುವುದರಿಂದ, ಇಲ್ಲಿ ತುಕ್ಕು ಹಿಡಿದರೆ ಕೆಲವು ವಾಹಿನಿಗಳು ಪೂರ್ತಿ ಮಾಯವಾಗುವುದೂ ಉಂಟು. ತಂತಿ ಹೊಳೆಯುವ ತನಕ ತುದಿಯನ್ನು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪಿನಿಂದ ಬಿಗಿಯಾಗಿ ಸುತ್ತಿರಿ.

ಕೇಬಲ್ ನಿಜಕ್ಕೂ ಬಹಳ ಉದ್ದವಿದ್ದರೆ ಮಾತ್ರ ಆಂಪ್ಲಿಫೈಯರ್ ಬೇಕು. ಅದು 950ರಿಂದ 2150 ಮೆಗಾಹರ್ಟ್ಸ್‌ನದಾಗಿರಬೇಕು ಮತ್ತು ಎಲ್‌ಎನ್‌ಬಿಯ ಹತ್ತಿರವೇ ಇರಬೇಕು.