ಸಣ್ಣ ಉದ್ಯಮದ ತೂಕ ಮತ್ತು ಬಾಕಿ ನಿಂತ ಹಣ

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಒಂದು ಸಣ್ಣ ಜೀನ್ಸ್ ಹೊಲಿಗೆ ಘಟಕ ನಡೆಸುತ್ತಿದ್ದೇನೆ. ಜಿಲ್ಲೆಯ ಆರ್ಥಿಕತೆಯ ಮಾತು ಬಂದಾಗಲೆಲ್ಲ ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು ಇವೆರಡರ ಹೆಸರನ್ನೇ ಹೇಳುತ್ತಾರೆ. ನಮ್ಮಂಥವರಿಂದ ದೇಶಕ್ಕೆ ನಿಜವಾಗಿ ಏನು ಸಲ್ಲುತ್ತಿದೆ? ಇನ್ನೊಂದು ಮಾತು: ಮಾಲು ಕಳಿಸಿ ನಾಲ್ಕೈದು ತಿಂಗಳಾದರೂ ಸಗಟು ಖರೀದಿದಾರರು ಹಣ ಕೊಡುವುದಿಲ್ಲ. ಇದಕ್ಕೆ ದಾರಿ ಇದೆಯೇ?
– ಓದುಗರು, ಬಳ್ಳಾರಿ

ಉತ್ತರ: ಉಕ್ಕು ಮತ್ತು ಅದಿರಿನ ಮೌಲ್ಯ ದೊಡ್ಡದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಎಷ್ಟು ಜನರಿಗೆ ಕೆಲಸ ಸಿಕ್ಕಿದೆ ಎಂಬ ಲೆಕ್ಕ ಹಿಡಿದರೆ ಮೇಲುಗೈ ನಿಮ್ಮಂಥವರದೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2015–16ರ 73ನೇ ಸುತ್ತಿನ ಪ್ರಕಾರ ದೇಶದಲ್ಲಿ ಇಂತಹ ಕೃಷಿಯೇತರ ಘಟಕಗಳು ಸುಮಾರು 6.34 ಕೋಟಿ ಇದ್ದವು. ಅವುಗಳಲ್ಲಿ ದುಡಿಯುತ್ತಿದ್ದವರು ಸುಮಾರು 11.10 ಕೋಟಿ. ಈ ಘಟಕಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ನಿಮ್ಮದರಂತಹ ಸೂಕ್ಷ್ಮ ಉದ್ಯಮಗಳೇ ಆಗಿದ್ದವು. ದೇಶದ ಒಟ್ಟು ಮೌಲ್ಯವರ್ಧನೆಯಲ್ಲಿ ಸುಮಾರು ಶೇ 30, ರಫ್ತಿನಲ್ಲಿ ಸುಮಾರು ಶೇ 45 ಪಾಲು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳದು.

ನಿಮ್ಮ ಕಸುಬನ್ನೇ ನೋಡಿ. ಹೊರಗಿನಿಂದ ಬಂದ ಬಟ್ಟೆಯ ಥಾನು ಒಬ್ಬರಲ್ಲಿ ಕಟಿಂಗ್ ಆಗಿ, ಇನ್ನೊಬ್ಬರಲ್ಲಿ ಹೊಲಿಗೆಯಾಗಿ, ಕಾಜಾ–ಗುಂಡಿಗೆ ಬೇರೆ ಕೈ ಸೇರಿ, ವಾಷಿಂಗ್ ಘಟಕಕ್ಕೆ ಹೋಗಿ ಬಂದು, ಇಸ್ತ್ರಿಯಾಗಿ ಗಂಟು ಕಟ್ಟುವ ಹೊತ್ತಿಗೆ ಒಂದು ಪ್ಯಾಂಟಿನ ಬೆಲೆಯಲ್ಲಿ ಹಲವು ಮನೆಗಳ ಪಾಲು ಸೇರಿರುತ್ತದೆ. ಪೀಸಿನ ಲೆಕ್ಕದಲ್ಲಿ ಬಂದ ಆ ಕೂಲಿಯ ಬಹುಪಾಲು ಊರಿನ ಕಿರಾಣಿ ಅಂಗಡಿ, ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕಕ್ಕೆ ಹೋಗುತ್ತದೆ, ಅಂದರೆ ಊರಿನಲ್ಲಿಯೇ ಮತ್ತೆ ವಹಿವಾಟಾಗುತ್ತದೆ. ಭಾರೀ ಯಂತ್ರಗಳಿಂದ ನಡೆಯುವ ಕಾರ್ಖಾನೆಯಲ್ಲಿ ಅಷ್ಟೇ ಬಂಡವಾಳಕ್ಕೆ ಇಷ್ಟು ಜನರಿಗೆ ಕೆಲಸ ಹುಟ್ಟುವುದಿಲ್ಲ.

ಹಾಗೆಂದು ಸಣ್ಣದೆಲ್ಲವೂ ಸುಭದ್ರವೆಂದು ಹೇಳಲಾಗದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಸಂಡೂರು–ಹೊಸಪೇಟೆ ಭಾಗದ ಲಾರಿ ಮಾಲೀಕರು, ಗ್ಯಾರೇಜು, ಟೈರ್ ಅಂಗಡಿ, ರಸ್ತೆಬದಿಯ ಖಾನಾವಳಿಗಳವರು ಒಟ್ಟಿಗೇ ಪೆಟ್ಟು ತಿಂದರು. ಅವೂ ಸಣ್ಣ ಉದ್ಯಮಗಳೇ ಆಗಿದ್ದವು, ಆದರೆ ಎಲ್ಲವೂ ಒಂದೇ ವ್ಯವಹಾರವನ್ನು ನೆಚ್ಚಿಕೊಂಡಿದ್ದವು. ನಿಮ್ಮ ಎರಡನೆಯ ಪ್ರಶ್ನೆಯ ಬೇರು ಕೂಡ ಇಲ್ಲಿಯೇ ಇದೆ. ಒಬ್ಬಿಬ್ಬರು ಸಗಟು ಖರೀದಿದಾರರನ್ನೇ ನಂಬಿದ ಘಟಕವು ಅವರು ಹೇಳಿದಷ್ಟು ಉದ್ರಿ ಕೊಡಲೇಬೇಕಾಗುತ್ತದೆ. ಕೂಲಿಯನ್ನು ಮಾತ್ರ ವಾರಕ್ಕೆ ಸರಿಯಾಗಿ ಬಟವಾಡೆ ಮಾಡಬೇಕು. ನಡುವಿನ ಅಂತರ ತುಂಬಲು ಕೈಸಾಲ, ಅದರ ಮೇಲೆ ಬಡ್ಡಿ. ಲಾಭದಲ್ಲಿರುವ ಘಟಕಗಳೂ ಮುಚ್ಚುವುದಕ್ಕೆ ಇದೊಂದೇ ಸಾಕು. ಸಾಲದ ಯೋಜನೆಗಳಿಗೆ ಸಿಗುವ ಪ್ರಚಾರದ ಕಾಲು ಭಾಗವಾದರೂ ಬಾಕಿ ವಸೂಲಿಯ ಕಾನೂನಿಗೆ ಸಿಗಬೇಕಿತ್ತೆಂದು ನನಗೆ ಬಲವಾಗಿ ಅನಿಸುತ್ತದೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ಖರೀದಿದಾರರು ಮಾಲನ್ನು ಒಪ್ಪಿಕೊಂಡ ದಿನದಿಂದ ಲಿಖಿತ ಕರಾರಿನ ಗಡುವಿನೊಳಗೆ ಹಣ ಕೊಡಬೇಕು, ಮತ್ತು ಆ ಗಡುವು ಯಾವ ಕಾರಣಕ್ಕೂ 45 ದಿನಗಳನ್ನು ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ ಅವಕಾಶ 15 ದಿನಗಳದು ಮಾತ್ರ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ ಕಟ್ಟಬೇಕು. ಇಂತಹ ಬಾಕಿಯ ದೂರುಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಜಾಲತಾಣದ ಮೂಲಕ ದೂರು ಕೊಟ್ಟರೆ ಅದು ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮಂಡಳಿಯು ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿಕೆಯ (ಮಧ್ಯಸ್ಥರಿಂದ ತೀರ್ಪು ಕೊಡಿಸುವ) ಕ್ರಮ ಕೈಗೊಳ್ಳುತ್ತದೆ. ಅಲ್ಲಿನ ತೀರ್ಪನ್ನು ಪ್ರಶ್ನಿಸಬಯಸುವ ಖರೀದಿದಾರರು ತೀರ್ಪಿನ ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಇದಲ್ಲದೆ, ಆದಾಯ ತೆರಿಗೆಯಲ್ಲಿ 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯಿಂದಾಗಿ, ಗಡುವು ಮೀರಿದ ಬಾಕಿಯನ್ನು ನಿಜವಾಗಿ ತೀರಿಸಿದ ವರ್ಷದಲ್ಲಿ ಮಾತ್ರ ಖರೀದಿದಾರರು ಅದನ್ನು ಖರ್ಚೆಂದು ತೋರಿಸಬಹುದಾಗಿದೆ. ಹಲವರ ಮೇಲೆ ದೂರಿಗಿಂತ ಇದರ ಒತ್ತಡವೇ ಹೆಚ್ಚು ಕೆಲಸ ಮಾಡುತ್ತದೆ.

ಈ ರಕ್ಷಣೆ ಸಿಗಬೇಕಾದರೆ ಮಾಲು ಕಳಿಸುವುದಕ್ಕೆ ಮೊದಲೇ ಉದ್ಯಮ್ ನೋಂದಣಿ, ಅಂದರೆ ಇಂತಹ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಆನ್‌ಲೈನಿನಲ್ಲಿ ಮಾಡುವ ನೋಂದಣಿ, ಆಗಿರಬೇಕು. ಅದಕ್ಕೆ ಯಾವ ಶುಲ್ಕವೂ ಇಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ಬಿಟ್ಟು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿರಿ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಮುದ್ರಿಸಿ, ಮಾಲು ತಲುಪಿದ್ದಕ್ಕೆ ಸಹಿಯನ್ನೋ ಲಿಖಿತ ಸಂದೇಶವನ್ನೋ ಪಡೆಯಿರಿ. ಕಚ್ಚಾ ಚೀಟಿಯ ಮೇಲೆ ನಡೆಸಿದ ವ್ಯವಹಾರಕ್ಕೆ ಮಂಡಳಿಯ ಮುಂದೆ ಸಾಕ್ಷ್ಯವಿರುವುದಿಲ್ಲ. ದೂರು ಕೊಟ್ಟರೆ ಮುಂದಿನ ಆರ್ಡರ್ ತಪ್ಪೀತೆಂಬ ಭಯ ನಿಮಗಿದ್ದರೆ ಅದು ನ್ಯಾಯವಾದದ್ದೇ. ಆದಕಾರಣ ದೂರಿಗಿಂತ ಮುಂಚೆ ಕಾಯ್ದೆಯ ಕಲಮನ್ನು ಉಲ್ಲೇಖಿಸಿ ಸೌಜನ್ಯದ ಪತ್ರವೊಂದನ್ನು ಬರೆಯಿರಿ, ಜೊತೆಗೆ ಬೇರೆ ಊರಿನ ಒಬ್ಬಿಬ್ಬರು ಗಿರಾಕಿಗಳನ್ನಾದರೂ ಹೊಸದಾಗಿ ಹಿಡಿಯಿರಿ.

ಪ್ರಶ್ನೆ: ರಾಯಚೂರಿನಲ್ಲಿ ನನ್ನದು ಸಗಟು ಬಟ್ಟೆ ವ್ಯಾಪಾರ. ಉದ್ಯಮ್ ನೋಂದಣಿ ಮಾಡಿಸಿದ್ದೇನೆ. ಈ 45 ದಿನಗಳ ನಿಯಮ ನನಗೂ ಅನ್ವಯಿಸುತ್ತದೆಯೇ?
– ಓದುಗರು, ರಾಯಚೂರು

ಉತ್ತರ: ಇಲ್ಲ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳನ್ನು 2021ರ ಜುಲೈನಲ್ಲಿ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ವರ್ಗಕ್ಕೆ ಸೇರಿಸಿದರಾದರೂ ಅವರಿಗೆ ಕೊಟ್ಟ ಪ್ರಯೋಜನ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ (ಗೊತ್ತುಪಡಿಸಿದ ವಲಯಗಳಿಗೆ ಬ್ಯಾಂಕುಗಳು ಕಡ್ಡಾಯವಾಗಿ ಒಂದು ಪಾಲು ಕೊಡಬೇಕಾದ ಸಾಲಕ್ಕೆ) ಸೀಮಿತವಾಗಿದೆ.

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಹೊಸ ಯಂತ್ರ ಕೂರಿಸಿದರೆ ಸಣ್ಣ ಉದ್ಯಮದ ಸೌಲಭ್ಯಗಳು ತಪ್ಪುತ್ತವೆಂದು ಹೇಳುತ್ತಾರೆ. ಬೆಳೆಯುವುದೇ ತಪ್ಪೇ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಈ ಭಯದಿಂದ ಯಂತ್ರ ಕೊಳ್ಳುವುದನ್ನು ಮುಂದೂಡಬೇಡಿ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ ಹೂಡಿಕೆಯಲ್ಲಿ 25 ಕೋಟಿ ರೂಪಾಯಿ, ವಹಿವಾಟಿನಲ್ಲಿ 100 ಕೋಟಿ ರೂಪಾಯಿಗೆ ಏರಿದೆ. ಹೂಡಿಕೆ ಎಂದರೆ ಯಂತ್ರೋಪಕರಣಗಳು ಮಾತ್ರ. ಜಾಗ, ಕಟ್ಟಡಗಳ ಬೆಲೆ ಅದರಲ್ಲಿ ಸೇರುವುದಿಲ್ಲ. ಎರಡರಲ್ಲಿ ಯಾವುದೊಂದು ಮಿತಿ ದಾಟಿದರೂ ಮಧ್ಯಮ ವರ್ಗಕ್ಕೆ ಹೋಗುತ್ತೀರಿ. ಅಕ್ಕಿಯಂತಹ ಸರಕಿನಲ್ಲಿ ಲಾಭದ ಪ್ರಮಾಣ ಕಡಿಮೆಯಿದ್ದು ವಹಿವಾಟು ಬೇಗ ಹಿಗ್ಗುವುದರಿಂದ ನೀವು ಗಮನಿಸಬೇಕಾದದ್ದು ಎರಡನೆಯ ಮಿತಿಯನ್ನು. ಒಂದು ವೇಳೆ ದಾಟಿದರೂ ತೆರಿಗೆಯೇತರ ಸೌಲಭ್ಯಗಳು ಮೂರು ವರ್ಷ ಮುಂದುವರಿಯುತ್ತವೆ ಎಂದು 2022ರ ಅಕ್ಟೋಬರಿನ ಅಧಿಸೂಚನೆ ಹೇಳುತ್ತದೆ. ನಿಮ್ಮ ಗಿರಣಿ ಬೆಳೆದರೆ ತೌಡು ಕೊಳ್ಳುವ ಎಣ್ಣೆ ಘಟಕ, ಹೊಟ್ಟು ಕೊಳ್ಳುವ ಬಾಯ್ಲರಿನವರು, ಚೀಲ ಹೊಲಿಯುವವರು, ಹಮಾಲರು ಎಲ್ಲರ ಕೆಲಸವೂ ಹೆಚ್ಚುತ್ತದೆ. ಯಂತ್ರದ ಕೊಟೇಷನ್ ಮತ್ತು ಕಳೆದ ವರ್ಷದ ಆದಾಯ ತೆರಿಗೆ ವಿವರಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕಪರಿಶೋಧಕರೊಂದಿಗೆ ಒಮ್ಮೆ ಕುಳಿತರೆ ನೀವು ಯಾವ ವರ್ಗದಲ್ಲಿ ಬರುತ್ತೀರೆಂಬುದು ಅಂದೇ ತಿಳಿಯುತ್ತದೆ.